ದಮ್ಮು ಎಷ್ಟು, ಕ್ಲಾಸು ಯಾವುದು, ರೇಟು ಏನು?

ಹೋದ ಸಲ ಮೂರು ಲೆಂತ್ ಅಂತರದಲ್ಲಿ ಗೆದ್ದ ಕುದುರೆ ಈ ಸಲ ಏಳನೆಯದಾಗಿ ಬಂತು ಅಂದುಕೊಳ್ಳಿ. ಸ್ಟ್ಯಾಂಡಿನಲ್ಲಿ ನಿಂತವರ ಬಾಯಲ್ಲಿ ಮೊದಲು ಬರುವ ಮಾತು ‘ಜಾಕಿ ಹಿಡಿದುಬಿಟ್ಟ’. ಎರಡನೆಯ ಮಾತು ಇಲ್ಲಿ ಬರೆಯುವಂಥದ್ದಲ್ಲ. ರೇಸ್‌ನಲ್ಲಿ ಮೋಸವೇ ಇಲ್ಲ ಎಂದು ವಾದಿಸಲು ನಾನು ಬಂದಿಲ್ಲ. ಆದರೆ ಬಹಳಷ್ಟು ಸಲ ಉತ್ತರ ಓಟಕ್ಕೆ ಮುಂಚೆಯೇ ರೇಸ್ ಬುಕ್ಕಿನಲ್ಲಿ ಅಚ್ಚಾಗಿರುತ್ತದೆ. ಹೋದ ಸಲ ಆ ಕುದುರೆ ಕೆಳಗಿನ ಕ್ಲಾಸಿನಲ್ಲಿ 1200 ಮೀಟರ್ ಓಡಿತ್ತು. ಈ ಸಲ ಒಂದು ಕ್ಲಾಸ್ ಮೇಲೆ, 1600 ಮೀಟರ್. ಕುದುರೆ ಅದೇ, ಪ್ರಶ್ನೆಪತ್ರಿಕೆ ಬೇರೆ. ಸೆಕೆಂಡ್ ಪಿಯುಸಿಯಲ್ಲಿ ಗಣಿತಕ್ಕೆ 98 ತೆಗೆದವರು ಬಿ.ಇ.ಗೆ ಬಂದು ಎಂ-3ರಲ್ಲಿ ಪಾಸಾಗಲು ಒದ್ದಾಡುವುದನ್ನು ನಾವು ನೋಡಿಲ್ಲವೇ?

ನಾನು ಐದನೇ ಸೆಮಿಸ್ಟರ್ ವಿದ್ಯಾರ್ಥಿ. ಬಾಜಿ ಕಟ್ಟುವುದಿಲ್ಲ, ಕಟ್ಟಿಲ್ಲ. ಕುದುರೆಯ ಲೆಕ್ಕಾಚಾರಕ್ಕೆ ಇಳಿದಿದ್ದು ನಮ್ಮ ಪಿ.ಜಿ.ಯ ಮೂರನೇ ಮಹಡಿಯ ಅಣ್ಣನಿಂದ. ಅವರು ಬಿ.ಇ. ಮುಗಿಸಿ ಒಂದೂವರೆ ವರ್ಷವಾಯಿತು. ಇಂಟರ್‌ವ್ಯೂಗಳಿಗೆ ಹೋಗುತ್ತಾರೆ, ‘ತಿಳಿಸುತ್ತೇವೆ’ ಎಂಬ ಉತ್ತರ ಹೊತ್ತು ಬರುತ್ತಾರೆ. ಡೇಟಾ ಅನಲಿಟಿಕ್ಸ್ ಕೋರ್ಸ್ ಸೇರಲಿ ಎಂದು ಅವರಪ್ಪ ಕಬ್ಬಿನ ದುಡ್ಡಿನಲ್ಲಿ 25,000 ರೂಪಾಯಿ ಕಳಿಸಿದ್ದರು. ಒಂದು ರಾತ್ರಿ ಊಟ ಆದಮೇಲೆ ಅವರು ನನ್ನ ರೂಮಿಗೆ ಬಂದು ರೇಸ್ ಬುಕ್ ಮಂಚದ ಮೇಲೆ ಹರವಿದರು.

‘ಮಗಾ, ನಿನಗೆ ಪೈಥಾನ್ ಬರುತ್ತಲ್ಲ. ಎರಡೇ ವಿಷಯ ಕಂಡುಹಿಡಿದು ಕೊಡು. ಈ ಕುದುರೆಗೆ ಕ್ಲಾಸ್ ಇದೆಯಾ, ದಮ್ ಇದೆಯಾ. ದುಡ್ಡು ನಾನು ಹಾಕ್ತೀನಿ.’

ಮಾಡಲ್ ಕಟ್ಟುವುದು ಆಮೇಲಿನ ಮಾತು, ಮೊದಲು ಆ ಎರಡು ಪದಗಳ ಅರ್ಥವಾದರೂ ತಿಳಿಯೋಣ ಎಂದು ಕೂತೆ. ಒಂದು ಸೀಸನ್ ಪೂರ್ತಿ ಅದೇ ಹಿಡಿಯಿತು.

ಮೊದಲು ಕ್ಲಾಸ್. ನಮ್ಮ ಕ್ಲಾಸಿನಲ್ಲಿ ಒಬ್ಬ ಮೂಡುಬಿದಿರೆಯ ಹುಡುಗ ಇದ್ದಾನೆ. ಅವನಿಗೆ ಇದನ್ನು ಅರ್ಥ ಮಾಡಿಸಲು ಒಂದೇ ವಾಕ್ಯ ಸಾಕಾಯಿತು. ಕಂಬಳದಲ್ಲಿ ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ವಿಭಾಗ ಇರುತ್ತದಲ್ಲ, ಕಿರಿಯ ವಿಭಾಗದಲ್ಲಿ ಮೆಡಲ್ ಹೊಡೆದ ಜೋಡಿಯನ್ನು ಹಿರಿಯ ವಿಭಾಗಕ್ಕೆ ಇಳಿಸಿದರೆ ಏನಾಗುತ್ತದೆ? ‘ಗೊತ್ತಾಯ್ತು ಬಿಡು’ ಎಂದ.

ಕುದುರೆಯಲ್ಲಿ ಈ ವಿಂಗಡಣೆ ಅಂಕಿಗಳ ಮೇಲೆ ನಡೆಯುತ್ತದೆ. ನಾಲ್ಕಾರು ಓಟ ಓಡಿದ ಪ್ರತಿ ಕುದುರೆಗೂ ಹ್ಯಾಂಡಿಕ್ಯಾಪರ್ ಎಂಬ ಅಧಿಕಾರಿ ಒಂದು ರೇಟಿಂಗ್ ಕೊಡುತ್ತಾರೆ. ಬೆಂಗಳೂರಿನ ರೇಸ್ ಪಟ್ಟಿಯಲ್ಲಿ 0ರಿಂದ 25, 20ರಿಂದ 45, 40ರಿಂದ 65, 60ರಿಂದ 85, ಆಮೇಲೆ 80 ಮತ್ತು ಮೇಲ್ಪಟ್ಟು ಎಂಬ ಮೆಟ್ಟಿಲುಗಳನ್ನು ಕಾಣಬಹುದು. ಒಂದೇ ಓಟದಲ್ಲಿ ರೇಟಿಂಗ್ ಹೆಚ್ಚಿದ್ದ ಕುದುರೆ ಹೆಚ್ಚು ತೂಕ ಹೊರಬೇಕು. ಒಂದು ಅಂಕಕ್ಕೆ ಅರ್ಧ ಕೆ.ಜಿ. ಗೆದ್ದರೆ ರೇಟಿಂಗ್ ಏರುತ್ತದೆ, ಮುಂದಿನ ಸಲ ಭಾರ ಹೆಚ್ಚು. ಸೋಲುತ್ತಾ ಹೋದರೆ ಇಳಿಯುತ್ತದೆ, ಭಾರ ಕಡಿಮೆ. ಎಲ್ಲ ಕುದುರೆಗಳೂ ಒಂದೇ ಗೆರೆಯಲ್ಲಿ ಬಂದು ಮುಟ್ಟಬೇಕು ಎಂಬುದು ಹ್ಯಾಂಡಿಕ್ಯಾಪರ್‌ನ ಕನಸು. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ನೆಗೆಟಿವ್ ಫೀಡ್‌ಬ್ಯಾಕ್ ಎಂದು ತಕ್ಷಣ ಹೊಳೆಯುತ್ತದೆ. ನಮ್ಮ ಲ್ಯಾಬಿನ ಸರ್ಕ್ಯೂಟ್‌ಗಿಂತ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಇಲ್ಲಿ ಒಂದು ಬಲೆ ಇದೆ. ರೇಟಿಂಗ್ 38 ಇರುವ ಕುದುರೆ 20-45ರ ಓಟದಲ್ಲಿ ಓಡಿತು ಎನ್ನಿ. ಮೇಲಿನ ತೂಕ 62 ಕೆ.ಜಿ. ಎಂದಿಟ್ಟುಕೊಂಡರೆ ಅದರ ಬೆನ್ನಿಗೆ 58.5 ಕೆ.ಜಿ. ಗೆದ್ದಿತು, ರೇಟಿಂಗ್ 46 ಆಯಿತು. ಈಗ 40-65ರ ಓಟಕ್ಕೆ ಹೋಗಬೇಕು. ಅಲ್ಲಿ ಲೆಕ್ಕ ಹಾಕಿದರೆ ಅದರ ತೂಕ 52.5. ‘ಹೋದ ಸಲ 58.5 ಹೊತ್ತು ಗೆದ್ದಿದೆ, ಈ ಸಲ ಆರು ಕೆ.ಜಿ. ಹಗುರ, ಬಿಡುತ್ತಾ?’ ಎಂದು ರೇಟು ಮುರಿಯುವವರು ಇಲ್ಲೇ ಸಿಗುತ್ತಾರೆ. ಅಣ್ಣನೂ ಇದನ್ನೇ ಹೇಳಿದ್ದರು. ಆರು ಕೆ.ಜಿ. ಇಳಿದದ್ದು ನಿಜ. ಜೊತೆಗೆ ಓಡುವವರು ಬದಲಾಗಿದ್ದಾರೆ ಎಂಬುದನ್ನು ಆ ಲೆಕ್ಕ ಮರೆಯುತ್ತದೆ. ಮೇಲಿನ ಕ್ಲಾಸಿನಲ್ಲಿ ಮೊದಲ 600 ಮೀಟರಿನ ವೇಗವೇ ಹೆಚ್ಚು. ಕೆಳಗೆ ಆರಾಮಾಗಿ ಮುಂದೆ ಓಡುತ್ತಿದ್ದ ಕುದುರೆ ಇಲ್ಲಿ ಜಾಗ ಹಿಡಿಯಲೇ ಏದುಸಿರು ಬಿಡಬೇಕು. ಕೊನೆಗೆ ಉಳಿಯುವುದು ಏನು?

ಹಾಗಾದರೆ ಕ್ಲಾಸನ್ನು ಅಳೆಯುವುದು ಹೇಗೆ? ರೇಟಿಂಗ್ ಎಂಬ ಒಂದು ಅಂಕಿಗಿಂತ ನನಗೆ ಉಪಯೋಗಕ್ಕೆ ಬಂದದ್ದು ಬೇರೆ ಎರಡು ಪ್ರಶ್ನೆ. ಈ ಕುದುರೆ ಗೆದ್ದ ಓಟದಲ್ಲಿ ಎರಡನೆಯದು, ಮೂರನೆಯದಾಗಿ ಬಂದವು ಆಮೇಲೆ ಏನು ಮಾಡಿದವು? ಅವು ಮುಂದಿನ ಓಟಗಳಲ್ಲಿ ಗೆದ್ದಿದ್ದರೆ ಆ ಗೆಲುವಿಗೆ ಬೆಲೆ ಇದೆ. ಅವೂ ಮುಗ್ಗರಿಸಿದ್ದರೆ, ಕುರುಡರ ಊರಿನ ಒಕ್ಕಣ್ಣ ರಾಜ. ಎರಡನೆಯದು, ಮೇಲಿನ ಕ್ಲಾಸಿನಲ್ಲಿ ಎಷ್ಟು ದೂರದಲ್ಲಿ ಸೋತಿದೆ? ಮೇಲೆ ಮೂರು ಲೆಂತ್‌ನಲ್ಲಿ ಸೋತು ನಾಲ್ಕನೆಯದಾದ ಕುದುರೆ ಕೆಳಗೆ ಇಳಿದಾಗ, ಕೆಳಗೆ ಗೆದ್ದ ಕುದುರೆಗಿಂತ ಹೆಚ್ಚು ನಂಬಬಹುದು ಎಂದು ನನ್ನ ನೋಟ್‌ಬುಕ್ ಹೇಳುತ್ತದೆ. ಇಳಿದದ್ದು ಕಾಲುನೋವಿನಿಂದ ಆಗಿರಬಹುದು ಎಂಬ ಅನುಮಾನವನ್ನೂ ಇಟ್ಟುಕೊಂಡು. ಇನ್ನೊಂದು ಸಣ್ಣ ಸುಳಿವು: ಮೆಟ್ಟಿಲುಗಳು ಒಂದರ ಮೇಲೊಂದು ಐದು ಅಂಕ ಹಾಸಿಕೊಂಡಿವೆಯಲ್ಲ. 42 ರೇಟಿಂಗ್ ಇರುವ ಕುದುರೆಗೆ ಕೆಳಗಿನ ಕ್ಲಾಸಿನಲ್ಲಿ ಭಾರ ಹೊರುವುದೋ, ಮೇಲಿನ ಕ್ಲಾಸಿನಲ್ಲಿ ಹಗುರಾಗಿ ಓಡುವುದೋ ಎಂಬ ಆಯ್ಕೆ ಇದೆ. ಟ್ರೇನರ್ ಯಾವುದನ್ನು ಆರಿಸಿದರು ಎಂಬುದರಲ್ಲೇ ಕುದುರೆಯ ಬಗ್ಗೆ ಅವರ ಅಭಿಪ್ರಾಯ ಅರ್ಧ ಗೊತ್ತಾಗುತ್ತದೆ.

ತೂಕ ಎಷ್ಟು ಕೆಲಸ ಮಾಡುತ್ತದೆ ಎಂಬುದು ದೂರದ ಮೇಲೆ ನಿಂತಿದೆ. ಇಂಗ್ಲೆಂಡಿನ ಹ್ಯಾಂಡಿಕ್ಯಾಪರ್‌ಗಳ ಸ್ಥೂಲ ಲೆಕ್ಕದಲ್ಲಿ 1000 ಮೀಟರ್ ಓಟಕ್ಕೆ ಒಂದು ಲೆಂತ್ ಎಂದರೆ 3 ಪೌಂಡ್, 1600 ಮೀಟರಿಗೆ 2 ಪೌಂಡ್. ಅಂದರೆ ಐದು ಕೆ.ಜಿ. ಹೆಚ್ಚುವರಿ ಹೊರೆ ಸಣ್ಣ ಓಟದಲ್ಲಿ ಮೂರೂವರೆ ಲೆಂತ್ ಚಿಲ್ಲರೆ, ಮೈಲಿ ಓಟದಲ್ಲಿ ಐದೂವರೆ ಲೆಂತ್. ಒಂದು ಲೆಂತ್ ಸುಮಾರು ಎಂಟು ಅಡಿ. ಓಟದ ಕೊನೆಯಲ್ಲಿ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಕಡಿಮೆ.

ಇನ್ನು ದಮ್ಮು. ನನಗೆ ಹೆಚ್ಚು ಹುಚ್ಚು ಹಿಡಿಸಿದ ಭಾಗ ಇದು.

ಕೊನೆಯ 200 ಮೀಟರಿನಲ್ಲಿ ಹಿಂದಿನಿಂದ ಬಾಣದಂತೆ ಬಂದು ಗೆಲ್ಲುವ ಕುದುರೆಯನ್ನು ನೋಡಿ ‘ಏನ್ ಸ್ಪೀಡ್ ಗುರು!’ ಎನ್ನುತ್ತೇವೆ. ಬಹುತೇಕ ಅದು ಕಣ್ಣಿನ ಮೋಸ. ಆ ಕುದುರೆಯೂ ನಿಧಾನವಾಗುತ್ತಿರುತ್ತದೆ, ಮುಂದಿನವು ಅದಕ್ಕಿಂತ ಬೇಗ ನಿಧಾನವಾಗುತ್ತಿರುತ್ತವೆ. ಪಕ್ಕದ ಬಸ್ಸು ಬ್ರೇಕ್ ಹಾಕಿದಾಗ ನಮ್ಮ ಬಸ್ಸು ಜೋರಾಗಿ ಓಡಿದಂತೆ ಕಾಣುತ್ತದಲ್ಲ, ಹಾಗೆ. ದಮ್ಮು ಎಂದರೆ ಹೆಚ್ಚಿನ ಕುದುರೆಗಳ ಮಟ್ಟಿಗೆ ವೇಗ ಹೆಚ್ಚಿಸಿಕೊಳ್ಳುವುದಕ್ಕಿಂತ, ಇದ್ದ ವೇಗವನ್ನು ಕಳೆದುಕೊಳ್ಳದೆ ಇರುವುದು. ಆದ್ದರಿಂದ ಓಟದ ಒಟ್ಟು ಸಮಯ ನೋಡಿದರೆ ಸಾಲದು, ತುಂಡು ತುಂಡಾಗಿ ಸಮಯ ನೋಡಬೇಕು. ಕೊನೆಯ 400 ಮೀಟರ್ ಎಷ್ಟು ಸೆಕೆಂಡ್, ಅದಕ್ಕೆ ಹಿಂದಿನ 400 ಎಷ್ಟು, ಇವೆರಡರ ವ್ಯತ್ಯಾಸ ಎಷ್ಟು.

ಈ ಮಾತಿಗೆ ಅಪವಾದ ಒಂದಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 1973ರಲ್ಲಿ ಅಮೆರಿಕದ ಕೆಂಟಕಿ ಡರ್ಬಿಯನ್ನು ಸೆಕ್ರೆಟೇರಿಯಟ್ ಎಂಬ ಕುದುರೆ 1 ನಿಮಿಷ 59.4 ಸೆಕೆಂಡಿನಲ್ಲಿ ಓಡಿ ಗೆದ್ದಿತು. ದೂರ ಸುಮಾರು 2000 ಮೀಟರ್, ಅಂದರೆ ಐದು ಕಾಲು ಮೈಲಿ. ಆ ಐದು ತುಂಡುಗಳ ಸಮಯ ಇದು: 25.2, 24, 23.8, 23.4, 23 ಸೆಕೆಂಡ್. ಪ್ರತಿ ತುಂಡೂ ಹಿಂದಿನದಕ್ಕಿಂತ ವೇಗ! ಎಲ್ಲವೂ ಸುಸ್ತಾಗುವ ಹೊತ್ತಿನಲ್ಲಿ ಇದು ಇನ್ನೂ ವೇಗ ಹೆಚ್ಚಿಸುತ್ತಿತ್ತು. ಅದೇ ವರ್ಷ 2400 ಮೀಟರಿನ ಬೆಲ್ಮಾಂಟ್ ಓಟವನ್ನು 31 ಲೆಂತ್ ಅಂತರದಲ್ಲಿ ಗೆದ್ದಿತು. ಸೆಕ್ರೆಟೇರಿಯಟ್‌ಗೆ ಕ್ಲಾಸೂ ಇತ್ತು, ದಮ್ಮೂ ಇತ್ತು. ನಾವು ಬೆಂಗಳೂರಿನಲ್ಲಿ ನೋಡುವ 20-45ರ ಪಾಪದ ಕುದುರೆಗಳಲ್ಲಿ ಎರಡರಲ್ಲೊಂದು ಇದ್ದರೆ ಪುಣ್ಯ.

ದಮ್ಮು ಎಲ್ಲಿಂದ ಬರುತ್ತದೆ? ಸ್ವಲ್ಪ ಜೀವಶಾಸ್ತ್ರ ಓದಿದೆ. ನಿಂತಿರುವಾಗ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುವ ಕುದುರೆಯ ಹೃದಯ ಪೂರ್ತಿ ಓಟದಲ್ಲಿ 220 ದಾಟುತ್ತದೆ. ಗುಲ್ಮದಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳನ್ನು ಓಟದ ಹೊತ್ತಿಗೆ ರಕ್ತಕ್ಕೆ ಸುರಿಯುತ್ತದೆ, ನಮ್ಮಮ್ಮ ಸಾಸಿವೆ ಡಬ್ಬಿಯಲ್ಲಿಟ್ಟ ದುಡ್ಡನ್ನು ಫೀಸಿನ ದಿನ ತೆಗೆಯುವ ಹಾಗೆ. ಪೂರ್ತಿ ವೇಗದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು. ಬೇಕೆಂದರೂ ಮಧ್ಯೆ ಇನ್ನೊಂದು ಉಸಿರು ಎಳೆಯಲಾಗದು. ಸಾಮಾನ್ಯ ರೇಸ್ ಕುದುರೆಯ ಹೃದಯ ನಾಲ್ಕು ಕೆ.ಜಿ. ಆಸುಪಾಸು. ಆಸ್ಟ್ರೇಲಿಯಾದ ಹೆಸರಾಂತ ಕುದುರೆ ಫಾರ್ ಲ್ಯಾಪ್‌ನ ಹೃದಯ 6.2 ಕೆ.ಜಿ. ಇತ್ತು. ಅದನ್ನು ಕ್ಯಾನ್‌ಬೆರಾದ ಮ್ಯೂಸಿಯಂನಲ್ಲಿ ಇಂದಿಗೂ ಇಟ್ಟಿದ್ದಾರೆ.

2010ರಲ್ಲಿ ಐರ್ಲೆಂಡಿನ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನ ಎಮ್ಮಲಿನ್ ಹಿಲ್ ಮತ್ತು ಸಂಗಡಿಗರು ಮಯೊಸ್ಟಾಟಿನ್ ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸದಿಂದ ಕುದುರೆಗೆ ಯಾವ ದೂರ ಒಗ್ಗುತ್ತದೆ ಎಂದು ಊಹಿಸಬಹುದು ಎಂದು ತೋರಿಸಿದರು. ತಂದೆ ತಾಯಿ ಇಬ್ಬರಿಂದಲೂ ‘ಸಿ’ ಬಂದರೆ ಸಣ್ಣ ಓಟದ ಕುದುರೆ, ಇಬ್ಬರಿಂದಲೂ ‘ಟಿ’ ಬಂದರೆ ದೂರದ ಓಟದ್ದು, ಒಂದೊಂದು ಬಂದರೆ ನಡುವಿನದು. ಜನ ಇದನ್ನು ವೇಗದ ಜೀನ್ ಎನ್ನುತ್ತಾರೆ. ಆ ಜೀನ್ ದೂರವನ್ನು ಹೇಳುತ್ತದೆ, ಗೆಲ್ಲುತ್ತದೆಯೇ ಎಂದು ಹೇಳುವುದಿಲ್ಲ. ದಮ್ಮಿದ್ದೂ ಕ್ಲಾಸಿಲ್ಲದ ಕುದುರೆ 2400 ಮೀಟರನ್ನು ಒಂದೇ ಹದದಲ್ಲಿ ಓಡಿ ಎಂಟನೆಯದಾಗಿ ಬರುತ್ತದೆ.

ರೇಸ್ ಬುಕ್ಕಿನಲ್ಲಿ ಜೀನ್ ಇರುವುದಿಲ್ಲ. ತಂದೆ ತಾಯಿಯ ಹೆಸರು ಇರುತ್ತದೆ. ವಯಸ್ಸು ನಾಲ್ಕು ವರ್ಷ, 1600 ಮೀಟರಿಗಿಂತ ಹೆಚ್ಚು ಓಡಿಯೇ ಇಲ್ಲ, ಈಗ ಮುಂಬೈನ ಮಹಾಲಕ್ಷ್ಮಿಯಲ್ಲಿ 2400 ಮೀಟರಿನ ಇಂಡಿಯನ್ ಡರ್ಬಿಗೆ ನಿಂತಿದೆ ಎಂದಾಗ ವಂಶಾವಳಿ ಬಿಟ್ಟು ಬೇರೆ ಆಧಾರ ಕಡಿಮೆ. ಅದೇ ತಂದೆಯ ಬೇರೆ ಮರಿಗಳು ಎಷ್ಟು ದೂರ ಗೆದ್ದಿವೆ, ತಾಯಿ ಎಷ್ಟು ದೂರ ಓಡಿದ್ದಳು ಎಂದು ಹುಡುಕಬೇಕು. ನಮ್ಮ ಕುಣಿಗಲ್ ಸ್ಟಡ್ ಫಾರಂನಂಥ ಕಡೆ ಕುದುರೆ ಸಾಕುವವರ ಕೆಲಸವೇ ಇದು. ಮದುವೆಗೆ ಮುಂಚೆ ಹಿರಿಯರು ಏಳು ತಲೆಮಾರು ವಿಚಾರಿಸುತ್ತಾರಲ್ಲ, ಅದಕ್ಕಿಂತ ಶ್ರದ್ಧೆಯಿಂದ ಇಲ್ಲಿ ವಿಚಾರಣೆ ನಡೆಯುತ್ತದೆ.

ಇನ್ನು ಪೇಪರಿನಲ್ಲಿ ಬರುವ ಬೆಳಗಿನ ತಾಲೀಮಿನ ವರದಿ. 1000 ಮೀಟರ್ 1 ನಿಮಿಷ 8 ಸೆಕೆಂಡ್, ಕೊನೆಯ 600 ಮೀಟರ್ 40 ಸೆಕೆಂಡ್, ‘ಸರಾಗವಾಗಿ ಓಡಿತು’ ಎಂಬ ರೀತಿಯ ಒಂದು ಸಾಲು. ಚಳಿಯಲ್ಲಿ ನಿಂತು ಸ್ಟಾಪ್‌ವಾಚ್ ಹಿಡಿದು ಬರೆದವರ ಶ್ರಮಕ್ಕೆ ನಮಸ್ಕಾರ. ಆದರೆ ಬೆನ್ನ ಮೇಲೆ ಎಷ್ಟು ತೂಕ ಇತ್ತು, ಸವಾರ ಎಷ್ಟು ಹಿಡಿದಿದ್ದ ಎಂಬುದು ಆ ಸಾಲಿನಲ್ಲಿಲ್ಲ. ಕುದುರೆ ಆರೋಗ್ಯವಾಗಿದೆ ಎಂದು ತಿಳಿಯಲು ಸಾಕು, ದಮ್ಮು ಅಳೆಯಲು ಸಾಲದು. ಮೇ ತಿಂಗಳಿನಿಂದ ಮಳೆ ಹಿಡಿದು ಟ್ರ್ಯಾಕ್ ಮೆತ್ತಗಾದರೆ ಎಲ್ಲ ಲೆಕ್ಕವನ್ನೂ ಮತ್ತೆ ಹಾಕಬೇಕು. ಗದ್ದೆಯಲ್ಲಿ ನಡೆದವರಿಗೆ ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಓದಿದ ಮೇಲೆ ಒಪ್ಪಲೇಬೇಕು, ಇದು ಬುದ್ಧಿಯ ಆಟವೇ. 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಕುದುರೆ ರೇಸ್ ಕೌಶಲದ ಆಟ ಎಂದೇ ಹೇಳಿದೆ. ಅಣ್ಣ ಈ ತೀರ್ಪನ್ನು ಮೊಬೈಲಿನಲ್ಲಿ ಸೇವ್ ಮಾಡಿಕೊಂಡು ಬಾಯಿಪಾಠ ಹೇಳುತ್ತಿದ್ದರು. ನಾನು ಕಾಗದದ ಮೇಲೆ ಗುರುತು ಹಾಕಿದ ಓಟಗಳಲ್ಲೂ ಸುಮಾರು ಮೂರಕ್ಕೆ ಒಂದರಲ್ಲಿ ನನ್ನ ಮೊದಲ ಆಯ್ಕೆ ಗೆದ್ದಿತು. ಅಣ್ಣ ಕುಣಿದಾಡಿದರು. ಜಗತ್ತಿನ ಹೆಚ್ಚಿನ ಟ್ರ್ಯಾಕ್‌ಗಳಲ್ಲಿ ಫೇವರಿಟ್ ಕುದುರೆಗಳು ಗೆಲ್ಲುವುದೂ ಸುಮಾರು ಮೂರಕ್ಕೆ ಒಂದೇ. ಅಂದರೆ ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಕಂಡುಹಿಡಿದದ್ದು ಬುಕ್ಕಿಯ ಬೋರ್ಡಿನಲ್ಲಿ ಆಗಲೇ ಬರೆದಿತ್ತು.

ಆ ರಾತ್ರಿ ಅಣ್ಣನಿಗೆ ಮಾಡಲ್ ಬದಲು ಒಂದು ಹಾಳೆ ಕೊಟ್ಟೆ. ನಾಲ್ಕು ಕುದುರೆಯ ಓಟ, ರೇಟು ಸಮ, ಒಂದಕ್ಕೆ ಎರಡು, ಒಂದಕ್ಕೆ ಮೂರು, ಒಂದಕ್ಕೆ ಐದು. ಈ ರೇಟುಗಳು ಹೇಳುವ ಗೆಲ್ಲುವ ಸಾಧ್ಯತೆ ಶೇ 50, 33, 25, 17. ಕೂಡಿಸಿದರೆ 125. ಗೆಲ್ಲುವುದು ಒಂದೇ ಕುದುರೆ, ಸಾಧ್ಯತೆ ನೂರು ದಾಟುವಂತಿಲ್ಲ. ಹೆಚ್ಚಿನ 25 ಬುಕ್ಕಿಯದು. ಇದರ ಮೇಲೆ ತೆರಿಗೆ. 2023ರ ಅಕ್ಟೋಬರ್‌ನಿಂದ ಬಾಜಿಯ ಪೂರ್ತಿ ಮೊತ್ತಕ್ಕೆ ಶೇ 28 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ನೂರು ರೂಪಾಯಿ ಬಾಜಿಯ ಮೇಲೆ ಈ ತೆರಿಗೆ ಸೇರಿಸಿದರೆ ಜೇಬಿನಿಂದ ಹೋಗುವುದು 140. ಒಂದಕ್ಕೆ ಎರಡರ ರೇಟಿನಲ್ಲಿ ಗೆದ್ದರೆ ಕೈಗೆ 300. ನಷ್ಟ ಇಲ್ಲದಿರಲು ನೂರರಲ್ಲಿ 47 ಸಲ ಗೆಲ್ಲಬೇಕು, ರೇಟು ಹೇಳುವುದು 33. ಸಮ ರೇಟಿನ ಫೇವರಿಟ್ ಆದರೆ 70 ಸಲ. ನೂರಕ್ಕೆ ನಲವತ್ತು ಕೊಡುವ ‘ಗ್ಯಾರಂಟಿ’ ಕುದುರೆ ಇದೆಯಲ್ಲ, ಅದು ನೂರಕ್ಕೆ ನೂರು ಸಲ ಗೆದ್ದರೂ ಕೊಟ್ಟ 140 ವಾಪಸ್ ಬರುತ್ತದೆ, ಅಷ್ಟೇ.

ಅಣ್ಣ ಹಾಳೆಯನ್ನು ಎರಡು ಸಲ ನೋಡಿದರು.

‘ಹೊರಗಡೆ ಟ್ಯಾಕ್ಸ್ ಇಲ್ಲ ಮಗಾ. ಫೋನಲ್ಲಿ ಹೇಳಿದ್ರೆ ಸಾಕು, ಸಾಲಕ್ಕೂ ಬರ್ಕೋತಾರೆ.’

‘ಅಣ್ಣಾ, ಅದು ಕಳ್ಳ ಬುಕ್ಕಿ. ಗೆದ್ದರೆ ಕೊಡ್ತಾರೆ ಅಂತ ಯಾರ ಹತ್ರ ಕೇಳ್ತೀರಿ? ಸೋತರೆ ವಸೂಲಿಗೆ ಯಾರು ಬರ್ತಾರೆ ಅಂತ ಗೊತ್ತಲ್ಲ? ಟ್ಯಾಕ್ಸ್ ತೆಗೆದ್ರೂ ಆ 25 ಅಲ್ಲೇ ಇದೆ ನೋಡಿ.’

‘ಹಾಗಾದ್ರೆ ನಿನ್ನ ಕ್ಲಾಸು, ದಮ್ಮು ಎಲ್ಲ ಸುಳ್ಳಾ?’

ಸುಳ್ಳಲ್ಲ ಎಂದೆ. ಅವರಿಗೆ ಕೋಪ ಬಂತು. ಎರಡು ದಿನ ಮೆಸ್ಸಿನಲ್ಲಿ ಬೇರೆ ಟೇಬಲ್ಲಿಗೆ ಹೋಗಿ ಕೂತರು. ಮೂರನೇ ದಿನ ಬಂದು, ಕೋರ್ಸಿನ ಮೊದಲ ಕಂತು 15,000 ಕಟ್ಟಿದೆ ಎಂದರು. ಉಳಿದ ಹತ್ತು ಸಾವಿರದ ಮಾತು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವರು, ಎಷ್ಟು ಅಂತ ಕೇಳುವುದು?

ಆ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡಿದ್ದ ಒಂದು ವಿಷಯ ಈಗ ನನ್ನ ಮಿನಿ ಪ್ರಾಜೆಕ್ಟ್ ಆಗಿದೆ. ಓಟದ ವಿಡಿಯೊದಲ್ಲಿ ಸೆಕೆಂಡಿಗೆ 25 ಫ್ರೇಮ್. ಗಂಟೆಗೆ 60 ಕಿ.ಮೀ. ವೇಗದ ಕುದುರೆ ಒಂದು ಫ್ರೇಮಿನಲ್ಲಿ ಮುಕ್ಕಾಲು ಮೀಟರಿಗೂ ಕಡಿಮೆ ದೂರ ಸಾಗುತ್ತದೆ. ದೂರದ ಕಂಬಗಳನ್ನು ಗುರುತು ಹಿಡಿದು, ಪ್ರತಿ ಕುದುರೆಯ 200 ಮೀಟರಿನ ಸಮಯವನ್ನು ತಾನೇ ಬರೆದುಕೊಳ್ಳುವ ಪ್ರೋಗ್ರಾಂ ಮಾಡಬಹುದೇ ಎಂದು ಗೈಡ್ ಹತ್ತಿರ ಕೇಳಿದೆ. ‘ರೇಸಾ?’ ಎಂದು ಕನ್ನಡಕದ ಮೇಲಿಂದ ನೋಡಿದರು. ಇಮೇಜ್ ಪ್ರೊಸೆಸಿಂಗ್ ಸರ್ ಎಂದೆ. ಒಪ್ಪಿದರು, ಶೀರ್ಷಿಕೆಯಲ್ಲಿ ಕುದುರೆ ಎಂದು ಹಾಕಬೇಡ ಎಂದರು. ಕ್ಯಾಮೆರಾ ತಿರುವಿನಲ್ಲಿ ಓರೆಯಾದಾಗ ಅಳತೆ ತಪ್ಪುತ್ತಿದೆ, ಮಣ್ಣು ಮೆತ್ತಿದ ಟೋಪಿಗಳ ಬಣ್ಣ ಮಳೆಯಲ್ಲಿ ಒಂದೇ ಥರ ಕಾಣುತ್ತಿದೆ. ಮುಂದಿನ ತಿಂಗಳು ಮೊದಲ ರಿವ್ಯೂ ಇದೆ.